ಜೂನ್ 2 ಯಾವ ದಿನ ಅಂತ ನಿಮಗೆ ಗೊತ್ತಿತ್ತಾ? (ಸ್ವಲ್ಪ ಉದ್ದ ಇದೆ, ಟೀ ಹಿಡಿದುಕೊಂಡು ಓದಿ)

ಚನ್ನಗಿರಿ ರಂಗ

ಮೊನ್ನೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಜೂನ್ ತಿಂಗಳ ವಿಶೇಷ ದಿನಗಳ ಪಟ್ಟಿ ಹಾಕಿದ್ದರು. ಪರಿಸರ ದಿನ, ಯೋಗ ದಿನ, ಅಪ್ಪಂದಿರ ದಿನ ಎಲ್ಲಾ ಇತ್ತು. ಜೂನ್ 2ರ ಎದುರು 'ಅಂತರರಾಷ್ಟ್ರೀಯ ಲೈಂಗಿಕ ಕಾರ್ಮಿಕರ ದಿನ' ಅಂತಿತ್ತು. ಐದು ನಿಮಿಷ ಬರೀ ನಗುವ ಇಮೋಜಿ. ಆಮೇಲೆ ಅವರು ಪಟ್ಟಿ ಅಳಿಸಿ, ಆ ಒಂದು ಸಾಲು ತೆಗೆದು ಮತ್ತೆ ಹಾಕಿದರು.

ನಾನೂ ನಕ್ಕವರಲ್ಲಿ ಒಬ್ಬ, ಸುಳ್ಳು ಯಾಕೆ ಹೇಳಲಿ. ರಾತ್ರಿ ಕುತೂಹಲಕ್ಕೆ ಸುಮ್ನೆ ಹುಡುಕಿದೆ. ಎರಡು ವಾರ ಆಯಿತು, ಓದು ಇನ್ನೂ ಮುಗಿದಿಲ್ಲ.

1975ರ ಜೂನ್ 2. ಫ್ರಾನ್ಸಿನ ಲಿಯಾನ್ ನಗರ. ನೂರಕ್ಕೂ ಹೆಚ್ಚು ಹೆಂಗಸರು ಸೇಂಟ್ ನಿಜಿಯೇ ಅನ್ನುವ ಚರ್ಚಿನೊಳಗೆ ಹೋಗಿ ಕೂತರು. ಎಲ್ಲರೂ ಬೀದಿಯಲ್ಲಿ ಗಿರಾಕಿಗಾಗಿ ನಿಲ್ಲುತ್ತಿದ್ದವರು. ಪ್ರಾರ್ಥನೆ ಮುಗಿಸಿ ಎದ್ದು ಹೋಗಲಿಲ್ಲ, ಅಲ್ಲೇ ಮಲಗಿದರು. ಹೊರಗೆ ಒಂದು ಬ್ಯಾನರ್ ಕಟ್ಟಿದರು: 'ತಮ್ಮ ಅಮ್ಮಂದಿರು ಜೈಲಿಗೆ ಹೋಗುವುದು ನಮ್ಮ ಮಕ್ಕಳಿಗೆ ಬೇಡ.'

ಇವರೇನು ದೊಡ್ಡ ಸಿದ್ಧಾಂತ ಹೇಳೋಕೆ ಹೋದವರಲ್ಲ. ತೊಂದರೆ ಶುರುವಾಗಿದ್ದು ದಂಡದ ಚೀಟಿಯಿಂದ. ಲಿಯಾನ್‌ನಲ್ಲಿ ಪೊಲೀಸರ ಭ್ರಷ್ಟಾಚಾರದ ಹಗರಣ ಬಯಲಾಗಿ, ಇವರು ಗಿರಾಕಿಗಳನ್ನು ಕರೆದುಕೊಂಡು ಹೋಗುತ್ತಿದ್ದ ಹೋಟೆಲುಗಳನ್ನೆಲ್ಲ ಮುಚ್ಚಿಸಿದರು. ಹೆಂಗಸರು ಬೀದಿಗೆ ಬಿದ್ದರು. ಬೀದಿಯಲ್ಲಿ ನಿಂತರೆ ದಂಡ. ಒಂದೇ ದಿನ ಹಲವು ಸಲ ದಂಡ. ಕಟ್ಟದಿದ್ದರೆ ಜೈಲು. ಅದೇ ಹೊತ್ತಿನಲ್ಲಿ ಇವರಲ್ಲೇ ಕೆಲವರ ಕೊಲೆಯಾಯಿತು. ದಂಡ ಹಾಕೋಕೆ ದಿನಾ ಬರುತ್ತಿದ್ದ ಪೊಲೀಸರು ಕೊಲೆಗಾರನನ್ನು ಹುಡುಕಿಕೊಡಲಿಲ್ಲ. ಸಿಟ್ಟು ಬಂದಿದ್ದು ಅದಕ್ಕೆ.

ಪಾದ್ರಿಗಳು ಇವರನ್ನು ಹೊರಗೆ ಹಾಕಲಿಲ್ಲ. ಊರಿನ ಜನ ಊಟ, ಬಟ್ಟೆ ತಂದುಕೊಟ್ಟರು. 'ಉಲ್ಲಾ' ಅನ್ನುವ ಹೆಸರಿಟ್ಟುಕೊಂಡವಳು ಎಲ್ಲರ ಪರವಾಗಿ ಪತ್ರಿಕೆಯವರ ಹತ್ತಿರ ಮಾತಾಡಿದಳು. ಕೆಲವೇ ದಿನದಲ್ಲಿ ಪ್ಯಾರಿಸ್, ಮಾರ್ಸೇ, ಗ್ರೆನೋಬಲ್ ಊರುಗಳಲ್ಲೂ ಚರ್ಚುಗಳಿಗೆ ಹೆಂಗಸರು ನುಗ್ಗಿದರು. ಸರ್ಕಾರ ಮಾತುಕತೆಗೆ ಒಪ್ಪಲಿಲ್ಲ. ಜೂನ್ 10ರ ಬೆಳಗಿನ ಜಾವ ಪೊಲೀಸರು ಬಂದು ಎಲ್ಲರನ್ನೂ ಎಳೆದು ಹಾಕಿದರು. ಆಮೇಲೆ ಗೀ ಪಿನೋ ಅನ್ನುವ ನ್ಯಾಯಾಧೀಶರಿಗೆ ವರದಿ ಬರೆಯಲು ಹೇಳಿದರು. ವರದಿ ಬಂತು. ಮೂಲೆ ಸೇರಿತು. ಈ ಭಾಗ ಓದುವಾಗ ಮಾತ್ರ ಫ್ರಾನ್ಸು ನಮ್ಮೂರಿನ ಹಾಗೇ ಕಂಡಿತು.

ಯಾರಿಗಾದರೂ ಇದರ ಬಗ್ಗೆ ಜಾಸ್ತಿ ಗೊತ್ತಿದ್ದರೆ ಬರೆಯಿರಿ. ಬೈಯುವವರೂ ಓದಿ ಬೈಯಿರಿ.

ರೋನ್ ದಡದವ

ರಂಗಣ್ಣ, ನಾನು ಲಿಯಾನ್‌ನಲ್ಲಿ ಇರೋದು, ಆರು ವರ್ಷ ಆಯಿತು. ಆ ಚರ್ಚಿನ ಮುಂದೆಯೇ ಕೆಲಸಕ್ಕೆ ಹೋಗುತ್ತೇನೆ! ರೋನ್, ಸೋನ್ ಎರಡು ನದಿಗಳ ನಡುವಿನ ಹಳೇ ಪೇಟೆ ಅದು, ನಮ್ಮ ಚಿಕ್ಕಪೇಟೆ ಥರ ಸದಾ ಗಿಜಿಗಿಜಿ. ಚರ್ಚಿಗೆ ಎರಡು ಗೋಪುರ. ಒಂದರ ಹಾಗೆ ಇನ್ನೊಂದಿಲ್ಲ, ಒಂದು ಹಳೇದು, ಇನ್ನೊಂದು ನಾನೂರು ವರ್ಷ ಬಿಟ್ಟು ಕಟ್ಟಿದ್ದು. ಊರ ನಟ್ಟನಡುವೆ ಇದೆ. ಅದಕ್ಕೇ ಅದನ್ನು ಆರಿಸಿಕೊಂಡಿರಬೇಕು ಅನ್ನಿಸುತ್ತದೆ. ಮೂಲೆಯ ಚರ್ಚಿನಲ್ಲಿ ಕೂತಿದ್ದರೆ ಯಾರು ನೋಡುತ್ತಿದ್ದರು?

ಇದೇ ಕಥೆ ಏಳು ವರ್ಷ ಬಿಟ್ಟು ಲಂಡನ್ನಿನಲ್ಲೂ ನಡೆಯಿತು. 1982ರ ನವೆಂಬರಿನಲ್ಲಿ ಕಿಂಗ್ಸ್ ಕ್ರಾಸ್ ಹತ್ತಿರದ ಹೋಲಿ ಕ್ರಾಸ್ ಚರ್ಚಿನಲ್ಲಿ 12 ದಿನ ಕೂತರು. ಇಂಗ್ಲಿಷ್ ಕಲೆಕ್ಟಿವ್ ಆಫ್ ಪ್ರಾಸ್ಟಿಟ್ಯೂಟ್ಸ್ ಅನ್ನುವ ಗುಂಪು ಅದು. ಎಲ್ಲರೂ ಕಪ್ಪು ಮುಖವಾಡ ಹಾಕಿಕೊಂಡಿದ್ದರು. ಬೆಂಬಲಕ್ಕೆ ಬಂದ ಬೇರೆ ಹೆಂಗಸರೂ ಹಾಕಿಕೊಂಡರು. ಯಾರು 'ಅಂಥವರು', ಯಾರು ಅಲ್ಲ ಅಂತ ಹೊರಗಿನವರಿಗೆ ಗೊತ್ತಾಗಬಾರದು ಅಂತ.

ಗುಬ್ಬಿಗೂಡು

ಕ್ಷಮಿಸಿ, ನನಗೆ ಈ 'ಕಾರ್ಮಿಕ' ಅನ್ನುವ ಪದವೇ ಗಂಟಲಲ್ಲಿ ಇಳಿಯುತ್ತಿಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ಎಳೇ ಹುಡುಗಿಯರಿಗೆ ಮುತ್ತು ಕಟ್ಟಿ, ಅಂದರೆ ದೇವದಾಸಿ ಮಾಡಿ, ಮುಂಬೈಗೆ, ಪುಣೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವರಿಗೆ ಹೋಗಿ 'ನಿಮ್ಮದು ಒಂದು ಕೆಲಸ, ನಿಮಗೆ ಹಕ್ಕಿದೆ' ಅನ್ನೋದಾ? ಯೂರೋಪಿನವರು ಏನಾದರೂ ಹೇಳಿಕೊಳ್ಳಲಿ. ಸ್ವೀಡನ್ ನೋಡಿ, 1999ರಲ್ಲೇ ಕೊಳ್ಳುವ ಗಂಡಸಿಗೆ ಶಿಕ್ಷೆ ಅಂತ ಕಾನೂನು ಮಾಡಿತು, ಹೆಂಗಸಿಗಿಲ್ಲ. ಅದು ಸರಿಯಾದ ದಾರಿ ಅಲ್ವಾ?

ಚನ್ನಗಿರಿ ರಂಗ

ಗುಬ್ಬಿಗೂಡು ಅವರೇ, ನಿಮ್ಮ ಪ್ರಶ್ನೆ ಗಟ್ಟಿ ಪ್ರಶ್ನೆ. ಸ್ವೀಡನ್ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಪದದ ಕಥೆ.

'ಸೆಕ್ಸ್ ವರ್ಕ್' ಅನ್ನುವ ಪದವನ್ನು ಹುಟ್ಟಿಸಿದ್ದು ಯಾವ ಪ್ರೊಫೆಸರೂ ಅಲ್ಲ. ಕೆರೋಲ್ ಲೀ ಅಂತ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದೇ ಕೆಲಸ ಮಾಡುತ್ತಿದ್ದ ಹೆಂಗಸು. 1970ರ ದಶಕದ ಕೊನೆಯಲ್ಲಿ ಒಂದು ಸ್ತ್ರೀವಾದಿ ಸಮ್ಮೇಳನಕ್ಕೆ ಹೋದರು. ಅಲ್ಲಿನ ಒಂದು ಗೋಷ್ಠಿಗೆ ಇಟ್ಟ ಹೆಸರಿನಲ್ಲಿ 'ಲೈಂಗಿಕ ಬಳಕೆಯ ಉದ್ಯಮ' ಅಂತಿತ್ತು. ಬಳಸುವವನು ಗಂಡಸು, ಹಾಗಾದರೆ ನಾನು ಇಲ್ಲಿ ಏನು, ಬಳಸಿದ ವಸ್ತುವಾ ಅಂತ ಅವರಿಗೆ ಕಿರಿಕಿರಿ ಆಯಿತು. ಎದ್ದು ನಿಂತು, 'ಬಳಕೆ' ತೆಗೆದು 'ಕೆಲಸ' ಅಂತ ಹಾಕಿ ಎಂದರು. ಇಷ್ಟೇ. ಆ ಪದ ಈಗ ನಮ್ಮ ಸುಪ್ರೀಂ ಕೋರ್ಟಿನ ಆದೇಶದಲ್ಲೂ ಇದೆ. ಕೆರೋಲ್ ಲೀ ತೀರಿಕೊಂಡಿದ್ದು 2022ರಲ್ಲಿ.

ಪದದ ವಿಷಯದಲ್ಲಿ ನಮ್ಮೂರಿನವರಿಗೆ ಮಾತಾಡೋಕೆ ಹಕ್ಕಿದೆ ಬಿಡಿ. ನಮ್ಮೂರ ಕೆರೆಯ ಹೆಸರು ಸೂಳೆಕೆರೆ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಜನ ಇವತ್ತಿಗೂ ಸೂಳೆಕೆರೆ ಅಂತಲೇ ಕರೆಯುತ್ತಾರೆ, ಅದರ ನೀರೇ ಕುಡಿಯುತ್ತಾರೆ. ಬೋರ್ಡು ಬದಲಾಯಿಸಿದವರಿಗೆ ಮಾತ್ರ ನಾಚಿಕೆ.

ಕರಿಕೋಟು

ನಾನು ವಕೀಲೆ, ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿ ಮಾಡಬೇಕು. 'ಇದು ಕಾನೂನುಬಾಹಿರ' ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಮ್ಮ ದೇಶದಲ್ಲಿ ವಯಸ್ಸಿಗೆ ಬಂದವಳು ಸ್ವಂತ ಇಷ್ಟದಿಂದ, ತಾನೊಬ್ಬಳೇ ಇದ್ದು, ಹಣಕ್ಕೆ ಸಂಬಂಧ ಇಟ್ಟುಕೊಳ್ಳೋದು ಅಪರಾಧ ಅಲ್ಲ. ಆದರೆ ಅದರ ಸುತ್ತಲಿನ ಬಹುತೇಕ ಎಲ್ಲವೂ ಅಪರಾಧ. ಜನ 'ಪೀಟಾ ಕೇಸು' ಅನ್ನುತ್ತಾರಲ್ಲ, ಆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಈ ದಂಧೆಗೆ ಮನೆ ನಡೆಸೋದು ತಪ್ಪು, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯೋದು ತಪ್ಪು. 4ನೇ ಸೆಕ್ಷನ್ ಒಂದು ಸಲ ಓದಿ ನೋಡಿ. ಇಂಥವಳ ಸಂಪಾದನೆಯಲ್ಲಿ ಗೊತ್ತಿದ್ದೂ ಬದುಕುವ 18 ದಾಟಿದ ಯಾರೇ ಆಗಲಿ, ಶಿಕ್ಷೆ. ಅಮ್ಮನ ದುಡ್ಡಿನಲ್ಲಿ ಡಿಗ್ರಿ ಓದುವ ಮಗನ ಮೇಲೂ ಈ ಸೆಕ್ಷನ್ ಹಾಕಬಹುದು. ವಯಸ್ಸಾದ ತಾಯಿಯ ಮೇಲೂ.

ನಮ್ಮಲ್ಲಿ ಇದರ ವಿರುದ್ಧ ದನಿ ಎತ್ತಿದ್ದು ಲಿಯಾನ್‌ಗಿಂತ ಮೊದಲೇ, ಗೊತ್ತಾ? ಕಾಯ್ದೆ ಜಾರಿಗೆ ಬಂದಾಗ, 1958ರ ಮೇ 1ರಂದು, ಹುಸ್ನಾ ಬಾಯಿ ಅನ್ನುವ 24 ವರ್ಷದ ಹೆಂಗಸು ಅಲಹಾಬಾದ್ ಹೈಕೋರ್ಟಿಗೆ ಹೋದರು. ಇಷ್ಟದ ವೃತ್ತಿ ಮಾಡುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿ ನನಗೂ ಇದೆ, ಇದು ನನ್ನ ಜೀವನೋಪಾಯ ಅಂತ ವಾದ. ಅರ್ಜಿ ವಜಾ ಆಯಿತು. ಆದರೆ ಹೊಸ ಗಣರಾಜ್ಯ ಆಗಿ ಎಂಟೇ ವರ್ಷಕ್ಕೆ ಇದೇ ಕೆಲಸದ ಒಬ್ಬ ಹೆಂಗಸು ಸಂವಿಧಾನದ ವಿಧಿ ಹಿಡಿದು ಕೋರ್ಟಿನಲ್ಲಿ ನಿಂತಿದ್ದರು ಅನ್ನೋದನ್ನು ನೆನೆದಾಗ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ನಮಗೆ ಲಾ ಕಾಲೇಜಿನಲ್ಲಿ ಯಾರೂ ಇದನ್ನು ಹೇಳಲಿಲ್ಲ.

ಚನ್ನಗಿರಿ ರಂಗ

ಮೇಡಂ, ಇದು ನನಗೂ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಇನ್ನೂ ಹಿಂದಕ್ಕೆ ಹೋದರೆ ಬ್ರಿಟಿಷರ ಲಾಕ್ ಆಸ್ಪತ್ರೆಗಳು ಸಿಗುತ್ತವೆ. ಸೈನಿಕರಿಗೆ ಗುಹ್ಯರೋಗ ಬರಬಾರದು ಅಂತ 1864ರಿಂದ ಇಂಗ್ಲೆಂಡಿನಲ್ಲಿ, 1868ರಲ್ಲಿ ಭಾರತದಲ್ಲಿ ಕಾನೂನು ತಂದರು. ಹೆಂಗಸರನ್ನು ನೋಂದಾಯಿಸಿ, ಬಲವಂತವಾಗಿ ಪರೀಕ್ಷೆ ಮಾಡಿ, ರೋಗ ಇದ್ದರೆ ಕೂಡಿ ಹಾಕೋದು. ಸೈನಿಕರಿಗೆ ಅಂಥ ಕಟ್ಟುಪಾಡು ಇಲ್ಲ. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲೂ ಇಂಥ ಆಸ್ಪತ್ರೆ ಇತ್ತು. ಜೋಸೆಫೀನ್ ಬಟ್ಲರ್ ಅನ್ನುವ ಹೆಂಗಸು ಇಂಗ್ಲೆಂಡಿನಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಹೋರಾಡಿ 1886ರಲ್ಲಿ ಅದನ್ನು ರದ್ದು ಮಾಡಿಸಿದರು. ಆದರೆ ಆ ಹೋರಾಟದಲ್ಲಿ ಮಾತಾಡಿದವರು ಗೌರವಸ್ಥ ಮನೆಯ ಹೆಂಗಸರು. ಯಾರ ಮೈ ಪರೀಕ್ಷೆ ಆಗುತ್ತಿತ್ತೋ ಅವರ ದನಿ ಕೇಳಿಸಿದ್ದು ಕಮ್ಮಿ.

ನೂರು ವರ್ಷ ಬಿಟ್ಟು ಅದು ಬದಲಾಯಿತು. ಮಾರ್ಗೋ ಸೇಂಟ್ ಜೇಮ್ಸ್ ಅನ್ನುವವರನ್ನು 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಡಿದರು. ಕೋರ್ಟಿನಲ್ಲಿ ಅವರು, ನಾನು ಒಬ್ಬ ಗಿರಾಕಿಯನ್ನೂ ನೋಡಿದವಳಲ್ಲ ಅಂತ ದಂಧೆಯ ಭಾಷೆಯಲ್ಲೇ ಹೇಳಿದರಂತೆ. ಆ ಭಾಷೆ ಗೊತ್ತಿದೆ ಅಂದಮೇಲೆ ನೀನು ಅವಳೇ ಅಂತ ಜಡ್ಜ್ ತೀರ್ಮಾನ ಮಾಡಿದರಂತೆ! ಆಕೆ ಕಾನೂನು ಓದಿ ಮೇಲ್ಮನವಿ ಹಾಕಿ ಗೆದ್ದರು. 1973ರ ತಾಯಂದಿರ ದಿನದಂದು 'ಕೊಯೋಟಿ' ಅನ್ನುವ ಸಂಘ ಕಟ್ಟಿದರು. 1985ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೇರೆ ಬೇರೆ ದೇಶದವರು ಸೇರಿ ಹಕ್ಕುಗಳ ವಿಶ್ವ ಸನ್ನದು ಬರೆದರು. ಅದರಲ್ಲಿನ ಒಂದು ಅಂಶ ನನಗೆ ಬಹಳ ಹಿಡಿಸಿತು. ಕಡ್ಡಾಯ ಆರೋಗ್ಯ ಪರೀಕ್ಷೆ ಬೇಡ, ಮಾಡುವುದಾದರೆ ಲೈಂಗಿಕ ಸಂಬಂಧ ಇರುವ ಎಲ್ಲರಿಗೂ ಮಾಡಿ ಅಂತ. ಲಾಕ್ ಆಸ್ಪತ್ರೆಗೆ ನೂರು ವರ್ಷ ತಡವಾಗಿ ಕೊಟ್ಟ ಉತ್ತರ ಇದು. ಮರುವರ್ಷ ಬ್ರಸೆಲ್ಸ್‌ನಲ್ಲಿ, ಯೂರೋಪಿನ ಸಂಸತ್ತಿನ ಕಟ್ಟಡದಲ್ಲೇ ಎರಡನೇ ಸಮ್ಮೇಳನ ಮಾಡಿದರು.

ಈ ಹೋರಾಟಕ್ಕೆ ಕೆಂಪು ಕೊಡೆಯ ಗುರುತು ಬಂದಿದ್ದು 2001ರಲ್ಲಿ. ತದೇಯ್ ಪೊಗಾಚರ್ ಅನ್ನುವ ಸ್ಲೊವೇನಿಯಾದ ಕಲಾವಿದ ಮತ್ತು ಈ ಹೆಂಗಸರು ಸೇರಿ ವೆನಿಸ್‌ನ ಬೀದಿಗಳಲ್ಲಿ ಕೆಂಪು ಕೊಡೆ ಹಿಡಿದು ನಡೆದರು. ಮಳೆಗೂ ಆಯಿತು, ಬೈಗುಳಕ್ಕೂ ಆಯಿತು.

ಸಾಂಗ್ಲಿ ಗಾಡಿ

ನಾನು ನಿಪ್ಪಾಣಿಯವಳು. ಯೂರೋಪು ಅಮೆರಿಕ ಎಲ್ಲಾ ಸರಿ, ನಮ್ಮ ಮಗ್ಗುಲಲ್ಲೇ ಏನಾಯಿತು ಅಂತ ಬರೆಯದೇ ಹೋದರೆ ಹೇಗೆ?

ಸಾಂಗ್ಲಿಯ ಗೋಕುಲನಗರಕ್ಕೆ ಹೋಗಿ ನೋಡಿ. ಮಹಾರಾಷ್ಟ್ರ ಅಂತ ಹೆಸರಿಗೆ. ಓಣಿಯೊಳಗೆ ಕಿವಿಗೆ ಬೀಳೋದು ನಮ್ಮ ಕಡೆಯ ಕನ್ನಡ. ಅಲ್ಲಿರುವ ಎಷ್ಟೋ ಹೆಂಗಸರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಹೋದವರು, ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು. 1996ರಲ್ಲಿ ಇವರೇ ಸೇರಿ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಕಟ್ಟಿದರು, ಎಲ್ಲರೂ 'ವ್ಯಾಂಪ್' ಅಂತ ಕರೆಯುತ್ತಾರೆ. ಹೆಸರಿನಲ್ಲಿ ವೇಶ್ಯಾ ಅಂತ ಅವರೇ ಇಟ್ಟುಕೊಂಡರು ನೋಡಿ. ಬೇರೆಯವರು ಬೈಗುಳ ಮಾಡಿದ ಪದವನ್ನು ತಾವೇ ಬೋರ್ಡಿನ ಮೇಲೆ ಬರೆಸಿದರು. ನಿಪ್ಪಾಣಿಯಲ್ಲೂ ಅವರ ಕೆಲಸ ಇದೆ.

ಗುಬ್ಬಿಗೂಡು ಅಣ್ಣಾ, ನೀವು ಹೇಳಿದ್ದು ಸುಳ್ಳಲ್ಲ. ಮುತ್ತು ಕಟ್ಟೋದು ಅನ್ಯಾಯ, 1982ರಲ್ಲೇ ನಮ್ಮ ರಾಜ್ಯ ಅದಕ್ಕೆ ನಿಷೇಧ ಹಾಕಿದೆ. ಅದು ಜಾತಿಯ ಅನ್ಯಾಯ ಕೂಡ. ದಲಿತ ಓಣಿಯ ಹುಡುಗಿಯರಿಗಷ್ಟೇ ದೇವಿ ಯಾಕೆ ಕರೆಯುತ್ತಿದ್ದಳು? ಮಾಜಿ ದೇವದಾಸಿಯರ ಸಂಘಟನೆಗಳಲ್ಲಿ ಎಷ್ಟೋ ಜನ 'ನಮ್ಮದನ್ನು ಕೆಲಸ ಅಂತ ಕರೆಯಬೇಡಿ' ಅನ್ನುತ್ತಾರೆ. ಆದರೆ ಇವತ್ತು 45 ವರ್ಷದ ಹೆಂಗಸು ಆ ಓಣಿಯಲ್ಲಿ ಇದ್ದಾಳೆ. ಅವಳನ್ನು ರೇಡಿನಲ್ಲಿ ಎತ್ತಿಕೊಂಡು ಹೋಗಿ ಹೋಮಿನಲ್ಲಿ ಕೂಡಿ ಹಾಕಿದರೆ ಆಗಿದ್ದು ಸರಿಹೋಗುತ್ತಾ? ಅವಳ ಮಕ್ಕಳ ಸ್ಕೂಲ್ ಫೀಸು ಯಾರು ಕಟ್ಟುತ್ತಾರೆ?

ಎಣ್ಣೆದೀಪ

ನಾನು ಹತ್ತು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಏಡ್ಸ್ ತಡೆ ಯೋಜನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಂಡದ್ದು ಒಂದು ಹೇಳುತ್ತೇನೆ.

ನಮ್ಮಲ್ಲಿ ಪಿಯರ್ (ತನ್ನ ಜೊತೆಯವರಿಗೇ ತಿಳಿವಳಿಕೆ ಕೊಡುವವರು) ಆಗಿದ್ದ ಒಬ್ಬ ಅಕ್ಕನಿಗೆ ಸಂಬಳ ಹಾಕೋಕೆ ಬ್ಯಾಂಕ್ ಖಾತೆ ಬೇಕಾಗಿತ್ತು. ಊರಿನ ಒಂದು ಬ್ಯಾಂಕಿಗೆ ಕರೆದುಕೊಂಡು ಹೋದೆ. ಫಾರಂ ನಾನೇ ತುಂಬಿದೆ. ಹೆಸರು, ತಂದೆಯ ಹೆಸರು... ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಹೇಳಿದರು. 'ವೃತ್ತಿ' ಅನ್ನುವ ಜಾಗಕ್ಕೆ ಬಂತು. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ಅಕ್ಕ ನನ್ನ ಮುಖ ನೋಡಿ, 'ಹೂವಿನ ವ್ಯಾಪಾರ ಅಂತ ಬರೀ ತಮ್ಮಾ, ನಿಂಗ್ಯಾಕ ನಾಚಿಕಿ' ಅಂದರು. ಬರೆದೆ. ಕೌಂಟರಿನವರು ಫಾರಂ ತಿರುಗಿಸಿ, ಅವರನ್ನು ಒಂದು ಸಲ ನೋಡಿ, 'ಅಂಗಡಿ ಎಲ್ಲಿದೆ?' ಅಂತ ಜೋರಾಗಿ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವತ್ತು ಖಾತೆ ಆಗಲಿಲ್ಲ. ಮೂರನೇ ಸಲ ಹೋದಾಗ ಆಯಿತು.

ಆಮೇಲೆ ಕೋಲ್ಕತ್ತಾದ ಕಥೆ ಕೇಳಿದಾಗ ಇದೇ ನೆನಪಾಯಿತು. ಅಲ್ಲಿನ ಕೆಂಪು ದೀಪದ ಓಣಿ ಸೋನಾಗಾಚಿಗೆ 1992ರಲ್ಲಿ ಡಾ. ಸ್ಮರಜಿತ್ ಜಾನಾ ಹೋಗಿದ್ದು ಎಚ್‌ಐವಿ ತಡೆಯೋಕೆ. ಕಾಂಡೋಮ್ ಹಂಚೋದು ಡಾಕ್ಟರ ಕೈಲಾಗುವ ಕೆಲಸ ಅಲ್ಲ ಅಂತ ಬೇಗ ಅರ್ಥ ಮಾಡಿಕೊಂಡರು. ಅಲ್ಲಿನ ಹೆಂಗಸರಿಗೇ ಹಸಿರು ಕೋಟು, ಗುರುತಿನ ಚೀಟಿ ಕೊಟ್ಟು ಆ ಕೆಲಸಕ್ಕೆ ಹಚ್ಚಿದರು. ಆ ಹೆಂಗಸರು ಹೇಳಿದ ಮೊದಲ ಸಂಕಟಗಳಲ್ಲಿ ರೋಗಕ್ಕಿಂತ ಸಾಲ ದೊಡ್ಡದಿತ್ತು. ಬಡ್ಡಿಯವರ ಕೈಲಿ ಸಿಕ್ಕಿದವಳು ಕಾಂಡೋಮ್ ಬೇಡ ಅನ್ನುವ ಗಿರಾಕಿಯನ್ನು ವಾಪಸ್ ಕಳಿಸೋಕೆ ಆಗಲ್ಲ, ಅಲ್ವಾ? ಅದಕ್ಕೆ 1995ರಲ್ಲಿ 'ಉಷಾ' ಸಹಕಾರ ಸಂಘ ಮಾಡಿದರು. ನೋಂದಣಿಗೆ ಹೋದರೆ, ಸದಸ್ಯರು ಒಳ್ಳೆಯ ನಡತೆಯವರಿರಬೇಕು ಅಂತ ನಿಯಮ. ಗೃಹಿಣಿಯರು ಅಂತ ಬರೆದುಕೊಡಿ, ಮಾಡಿಕೊಡುತ್ತೇವೆ ಅಂದರು. ಇವರು ಒಪ್ಪಲಿಲ್ಲ. ಕೊನೆಗೆ ಸರ್ಕಾರವೇ ಬಗ್ಗಿತು, ಲೈಂಗಿಕ ಕಾರ್ಮಿಕರ ಸಂಘ ಅಂತಲೇ ನೋಂದಣಿ ಆಯಿತು.

ನಾನು 'ಹೂವಿನ ವ್ಯಾಪಾರ' ಅಂತ ಬರೆದಿದ್ದೆ. ಅವರು ಬರೆಯಲಿಲ್ಲ.

ಚನ್ನಗಿರಿ ರಂಗ

ಎಣ್ಣೆದೀಪ ಅವರೇ, ನಿಮ್ಮದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಸೋನಾಗಾಚಿಯ ಮುಂದಿನ ಕಥೆ ನಾನು ಸೇರಿಸುತ್ತೇನೆ. 1995ರಲ್ಲೇ 'ದುರ್ಬಾರ್' ಸಂಘ ಆಯಿತು. 1997ರಲ್ಲಿ ಕೋಲ್ಕತ್ತಾದಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ಮಾಡಿದರು. 2001ರ ಮಾರ್ಚ್ 3ಕ್ಕೆ ಒಂದು ಮೇಳ, 25,000ಕ್ಕೂ ಹೆಚ್ಚು ಜನ ಸೇರಿದರು. ಅನುಮತಿ ಕೊಡಬೇಡಿ ಅಂತ ವಿರೋಧ ಇತ್ತು, ಆದರೂ ನಡೆಯಿತು. ಈಗ ಮಾರ್ಚ್ 3 ಜಗತ್ತಿನಾದ್ಯಂತ ಲೈಂಗಿಕ ಕಾರ್ಮಿಕರ ಹಕ್ಕುಗಳ ದಿನ. ಜೂನ್ 2 ಫ್ರಾನ್ಸ್ ಕೊಟ್ಟಿದ್ದು, ಮಾರ್ಚ್ 3 ನಾವು ಕೊಟ್ಟಿದ್ದು.

2012ರದ್ದು ಇನ್ನೂ ಮಜಾ ಇದೆ. ಆ ವರ್ಷ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ವಾಷಿಂಗ್ಟನ್‌ನಲ್ಲಿ. ಆದರೆ ಹಿಂದಿನ ಹತ್ತು ವರ್ಷದಲ್ಲಿ ಈ ಕೆಲಸ ಮಾಡಿದವರಿಗೆ ಅಮೆರಿಕದ ವೀಸಾ ಇಲ್ಲ. ಯಾರ ಬಗ್ಗೆ ಮಾತಾಡುತ್ತಾರೋ ಅವರಿಗೇ ಬಾಗಿಲು ಹಾಕಿದ ಹಾಗಾಯಿತು. ಸರಿ, ಅದೇ ಜುಲೈಯಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳಿಂದ ನೂರಾರು ಜನ ಕೋಲ್ಕತ್ತಾಗೆ ಬಂದು ತಮ್ಮದೇ ಸಮ್ಮೇಳನ ಮಾಡಿಕೊಂಡರು.

ಅಮೆರಿಕದ ದುಡ್ಡಿನ ಕಥೆಯೂ ಹಾಗೇ. 2003ರಿಂದ ಅವರ ಏಡ್ಸ್ ಹಣ ಬೇಕಾದರೆ ವೇಶ್ಯಾವೃತ್ತಿಗೆ ವಿರೋಧ ಅಂತ ಬರೆದುಕೊಡಬೇಕಿತ್ತು. ಬ್ರೆಜಿಲ್ ಸರ್ಕಾರ 2005ರಲ್ಲಿ ಸುಮಾರು 4 ಕೋಟಿ ಡಾಲರ್ ಬೇಡ ಅಂದಿತು. ನಮ್ಮ ಸಾಂಗ್ಲಿಯಲ್ಲಿ ವ್ಯಾಂಪ್ ಜೊತೆ ಕೆಲಸ ಮಾಡುವ 'ಸಂಗ್ರಾಮ್' ಸಂಸ್ಥೆಯೂ ಆ ಹಣ ಬಿಟ್ಟಿತು.

ಈಗ ಸ್ವೀಡನ್. ಗುಬ್ಬಿಗೂಡು ಅವರೇ, ಕೊಳ್ಳುವವನಿಗೆ ಮಾತ್ರ ಶಿಕ್ಷೆ ಅನ್ನೋದು ಕೇಳಲು ನ್ಯಾಯವಾಗಿದೆ. ಫ್ರಾನ್ಸ್ ಕೂಡ 2016ರಲ್ಲಿ ಅದನ್ನೇ ತಂದಿತು. ಅದರ ವಿರುದ್ಧ ಯೂರೋಪಿನ ಮಾನವ ಹಕ್ಕು ಕೋರ್ಟಿಗೆ ಹೋದವರು 261 ಜನ, ಇದೇ ಕೆಲಸ ಮಾಡುವವರು. ಗಿರಾಕಿಗೆ ಪೊಲೀಸ್ ಭಯ ಇದ್ದರೆ ನಾವು ಕತ್ತಲಿಗೆ, ಊರ ಹೊರಗೆ ಹೋಗಬೇಕಾಗುತ್ತದೆ, ಅಪಾಯ ಜಾಸ್ತಿ ಅಂತ ಅವರ ವಾದ. 2024ರ ಜುಲೈನಲ್ಲಿ ಕೋರ್ಟು ಫ್ರಾನ್ಸಿನ ಕಾನೂನಿನಲ್ಲಿ ತಪ್ಪಿಲ್ಲ ಅಂದಿತು. ಅಂದರೆ ನಿಮ್ಮ ಕಡೆಯೇ ಗೆದ್ದಿದೆ. ನನಗೆ ಮಾತ್ರ ಆ 261 ಜನರ ಮಾತು ಸರಿ ಅನ್ನಿಸುತ್ತದೆ.

ಇನ್ನೊಂದು ದಾರಿ ನ್ಯೂಜಿಲೆಂಡ್. 2003ರ ಜೂನ್‌ನಲ್ಲಿ 60-59 ಮತದಿಂದ ಅಪರಾಧದ ಪಟ್ಟಿಯಿಂದಲೇ ತೆಗೆದರು. ಒಬ್ಬರು ಮತ ಹಾಕಲಿಲ್ಲ, ಅದರಿಂದಲೇ ಪಾಸಾಯಿತು. 2014ರಲ್ಲಿ ಅಲ್ಲಿ ಒಬ್ಬಳು ತನ್ನ ಮಾಲೀಕ ಲೈಂಗಿಕ ಕಿರುಕುಳ ಕೊಟ್ಟ ಅಂತ ದೂರು ಕೊಟ್ಟು 25,000 ಡಾಲರ್ ಪರಿಹಾರ ಪಡೆದಳು. ನಗಬೇಡಿ, ಇದನ್ನೇ ಯೋಚಿಸಿ. ಆಫೀಸಿನಲ್ಲಿ ಕೆಲಸ ಮಾಡುವವಳಿಗೆ ಇರುವ ದೂರಿನ ಹಕ್ಕು ಅವಳಿಗೂ ಸಿಕ್ಕಿತು. ಅಲ್ಲೂ ಎಲ್ಲಾ ಚೆನ್ನಾಗಿಲ್ಲ, ತಾತ್ಕಾಲಿಕ ವೀಸಾದ ಮೇಲೆ ಬಂದ ಹೊರದೇಶದವಳು ಈ ಕೆಲಸ ಮಾಡುವಂತಿಲ್ಲ. ಅವಳ ಪಾಡು ಹಳೇ ಪಾಡೇ.

ಗುಬ್ಬಿಗೂಡು

ರಂಗ ಅವರೇ, ನಾನು ಪೂರ್ತಿ ಒಪ್ಪಿಲ್ಲ. 'ಸ್ವಂತ ಇಷ್ಟ' ಅನ್ನೋದು ಬಡವರ ಮನೆಯಲ್ಲಿ ಎಷ್ಟಿರುತ್ತದೆ? ಚಿಕ್ಕ ಹುಡುಗಿಯರನ್ನು ತಂದು ಕೂಡಿಸುವವರು ಇವರ ಸಂಘಗಳ ಹಿಂದೆ ಬಚ್ಚಿಟ್ಟುಕೊಳ್ಳಲ್ಲ ಅಂತ ಏನು ಗ್ಯಾರಂಟಿ? ಆದರೆ ಆ 4ನೇ ಸೆಕ್ಷನ್ ವಿಷಯ ಗೊತ್ತಿರಲಿಲ್ಲ. ಮಗನ ಮೇಲೆ ಕೇಸು ಹಾಕೋದು ತಪ್ಪು.

ಎಣ್ಣೆದೀಪ

ಗ್ಯಾರಂಟಿ ಯಾರೂ ಕೊಡಲ್ಲ ಸರ್. ದುರ್ಬಾರ್‌ನವರು ಇದಕ್ಕಂತಲೇ ಸ್ವಯಂ ನಿಯಂತ್ರಣ ಮಂಡಳಿ ಮಾಡಿದ್ದಾರೆ. ಹೊಸದಾಗಿ ಬಂದವಳ ಹತ್ತಿರ ಕೂತು ಮಾತಾಡಿ, ವಯಸ್ಸು ಕಮ್ಮಿ ಇದ್ದರೆ, ಬಲವಂತ ಇದ್ದರೆ ವಾಪಸ್ ಕಳಿಸುತ್ತಾರೆ. ಅದು ಸಾಕಾ ಅಂತ ಕೇಳಿದರೆ ಜಗಳ ಇದ್ದೇ ಇದೆ. ಆದರೆ ಆ ಓಣಿಗೆ ಹೊಸ ಮುಖ ಬಂದರೆ ಮೊದಲು ಗೊತ್ತಾಗೋದು ಆ ಓಣಿಯವರಿಗೇ.

ಕರಿಕೋಟು

ಕರ್ನಾಟಕದ್ದೂ ಒಂದೆರಡು ಮಾತು. 2006ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಆಯಿತು. ಮೈಸೂರಿನ 'ಅಶೋದಯ' ಸಮಿತಿಯನ್ನು ಸಮುದಾಯದವರೇ ನಡೆಸುತ್ತಾರೆ, ಏಷ್ಯಾದ ಬೇರೆ ದೇಶಗಳ ಲೈಂಗಿಕ ಕಾರ್ಮಿಕರು ಮೈಸೂರಿಗೆ ಬಂದು ಅವರಿಂದ ಕಲಿತು ಹೋಗಿದ್ದಾರೆ. ಸರ್ಕಾರದ ಕಾಗದಗಳಲ್ಲಿ ಮಾತ್ರ ಇವರು 'ದಮನಿತ ಮಹಿಳೆಯರು'. ಪದದ ಜಗಳ ಮುಗಿದಿಲ್ಲ!

ಸುಪ್ರೀಂ ಕೋರ್ಟ್ 2022ರ ಮೇ 19ರಂದು ಒಂದು ಆದೇಶ ಕೊಟ್ಟಿತು. 1999ರಲ್ಲಿ ಕೋಲ್ಕತ್ತಾದಲ್ಲಿ ಕೊಲೆಯಾದ ಒಬ್ಬ ಲೈಂಗಿಕ ಕಾರ್ಮಿಕಳ ಕೇಸಿನಿಂದ ಬೆಳೆದು ಬಂದಿದ್ದು. ಪೊಲೀಸರು ಗೌರವದಿಂದ ನಡೆದುಕೊಳ್ಳಬೇಕು, ರೇಡಿನಲ್ಲಿ ಫೋಟೋ ಹೆಸರು ಪತ್ರಿಕೆಗೆ ಕೊಡಬಾರದು, ವಿಳಾಸದ ದಾಖಲೆ ಕೇಳದೆ ಆಧಾರ್ ಕೊಡಬೇಕು. ಆ ಆಧಾರ್‌ನಲ್ಲಿ ಇವರ ಕೆಲಸದ ಸುಳಿವು ಎಲ್ಲೂ ಇರಬಾರದು. ಎಣ್ಣೆದೀಪ ಅವರ ಅಕ್ಕನಿಗೆ ಇದು ಸ್ವಲ್ಪ ತಡವಾಯಿತು. ನಮ್ಮ ಕಡೆಯ ಠಾಣೆಗಳಲ್ಲಿ ಈ ಆದೇಶದ ಪ್ರತಿ ನಾನೇ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ತೋರಿಸಿದರೆ ದನಿ ಸ್ವಲ್ಪ ತಗ್ಗುತ್ತದೆ.

ಸಾಂಗ್ಲಿ ಗಾಡಿ

ಮೇಡಂ, ಅದರ ಕನ್ನಡ ಅನುವಾದ ಇದ್ದರೆ ಇಲ್ಲಿ ಹಾಕಿ. ನಿಪ್ಪಾಣಿಯಲ್ಲಿ ನಾಲ್ಕು ಜನರಿಗೆ ಪ್ರಿಂಟ್ ತೆಗೆದು ಕೊಡಬೇಕು. ಅಕ್ಷರ ದಪ್ಪ ಇರಲಿ.

ಕರಿಕೋಟು

ಭಾನುವಾರ ಕೂತು ಮಾಡುತ್ತೇನೆ. ಮುಖ್ಯ ನಿರ್ದೇಶನಗಳು ಒಂದು ಪುಟಕ್ಕೆ ಬರುತ್ತವೆ.

ರೋನ್ ದಡದವ

ನಾನೂ ಭಾನುವಾರ ಆ ಚರ್ಚಿನ ಒಳಗೆ ಹೋಗಿ ಬರುತ್ತೇನೆ. ಆರು ವರ್ಷದಲ್ಲಿ ಒಂದು ಸಲವೂ ಒಳಗೆ ಹೋಗಿಲ್ಲ. ಫೋಟೋ ಹಾಕುತ್ತೇನೆ.

ಚನ್ನಗಿರಿ ರಂಗ

ಹಾಕಿ. ಬ್ಯಾನರ್ ಕಟ್ಟಿದ್ದು ಯಾವ ಬಾಗಿಲಿಗೆ ಅಂತ ಅಲ್ಲಿ ಯಾರಾದರೂ ವಯಸ್ಸಾದವರು ಸಿಕ್ಕರೆ ಕೇಳಿಕೊಂಡು ಬನ್ನಿ. ನಾನು ಆ ಪಟ್ಟಿಯನ್ನು, ಜೂನ್ 2ರ ಸಾಲು ಸೇರಿಸಿ, ಆಫೀಸಿನ ಗುಂಪಿಗೆ ಮತ್ತೆ ಹಾಕಿದ್ದೇನೆ. ಇಲ್ಲಿಯವರೆಗೆ ಎರಡು ಇಮೋಜಿ ಬಂದಿವೆ, ಒಂದು ನಗು, ಒಂದು ಕೆಂಪು ಕೊಡೆ. ಕೊಡೆ ಹಾಕಿದ್ದು ನಮ್ಮ ಅಕೌಂಟ್ಸ್ ವಿಭಾಗದ ಮೇಡಂ. ಕಾರಣ ನಾನು ಕೇಳಿಲ್ಲ.